ಹುಣಸೂರಿನಲ್ಲಿ ನಿಂತ ದಿನ

ಕೃಷ್ಣರಾಜನಗರದಿಂದ ಹೆಗ್ಗಡದೇವನ ಕೋಟೆಯ ಕಡೆಗೆ ಹೋಗುವವರು ಹುಣಸೂರಿನಲ್ಲಿ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ನಿಲ್ಲುವುದು ವಾಡಿಕೆ. ನಾವೂ ಮೂವತ್ತು ವರ್ಷಗಳಿಂದ ಹಾಗೆಯೇ ನಿಂತು ಹೋದವರು. ಕಳೆದ ವೈಶಾಖಮಾಸದಲ್ಲಿ ಮಾತ್ರ ಆ ಊರಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ತಂಗಬೇಕಾಗಿ ಬಂದಿತು. ನಮ್ಮನ್ನು ನಿಲ್ಲಿಸಿದುದು ನೆಂಟರ ಉಪಚಾರವಲ್ಲ. ಹಳೆಯ ಪಿಕಪ್ ಗಾಡಿಯೊಂದರ ಮುಂಭಾಗದಲ್ಲಿ ಮುರಿದುಹೋದ, ನಾಲ್ಕು ಬೆರಳಗಲದ ಒಂದು ಉಕ್ಕಿನ ಪಟ್ಟಿ. ಆ ದಿನ ನಾವು ಕಲಿತುದರಲ್ಲಿ ನಮಗೆ ನಾಚಿಕೆ ತರುವ ಸಂಗತಿಯೂ ಒಂದಿದೆ. ಅದನ್ನು ಮುಚ್ಚಿಡದೆ ಹೇಳಿದರೆ, ಮನೆಯಲ್ಲಿ ಹಳೆಯ ಗಾಡಿಯನ್ನಿಟ್ಟುಕೊಂಡಿರುವ ಗೃಹಸ್ಥರಿಗೆ ಉಪಕಾರವಾದೀತೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ನಾವು ಉಪಾಧ್ಯಾಯವೃತ್ತಿಯಿಂದ ನಿವೃತ್ತರಾಗಿ ನೆಲೆಸಿರುವುದು ಕೃಷ್ಣರಾಜನಗರದಲ್ಲಿ. ಹಿರಿಯರು ಇದನ್ನು ಇನ್ನೂ ಎಡತೊರೆಯೆಂದೇ ಕರೆಯುತ್ತಾರೆ. ಹಳೆಯ ಎಡತೊರೆಯು ಕಾವೇರಿಯ ದಡದಲ್ಲಿ, ಅರ್ಕೇಶ್ವರಸ್ವಾಮಿಯ ದೇವಾಲಯದ ಸುತ್ತ ಇದೆ. ನದಿಯ ನೆರೆಯು ಆ ಊರನ್ನು ಬಾಧಿಸಿದ ಮೇಲೆ, ಎತ್ತರದ ನೆಲದಲ್ಲಿ ನೇರವಾದ ಬೀದಿಗಳನ್ನಿಟ್ಟು ಕಟ್ಟಿದ ಹೊಸ ಪಟ್ಟಣಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನಿಟ್ಟರು. ಕಾವೇರಿಯ ನಾಲೆಗಳು ಹರಿಯುವ ಈ ಸೀಮೆಯು ಭತ್ತದ ಕಣಜವೆಂದು ಹೆಸರಾದುದು. ನಮಗೂ ನಾಲೆಯ ಕೆಳಗೆ ಸ್ವಲ್ಪ ಗದ್ದೆಯುಂಟು.

ನಮ್ಮ ಅಕ್ಕನನ್ನು ಕೊಟ್ಟಿರುವುದು ಹೆಗ್ಗಡದೇವನ ಕೋಟೆಗೆ ಆಚೆ, ಅಂತರಸಂತೆಯ ಕಡೆಯ ಒಂದು ಹಳ್ಳಿಗೆ. ಅಲ್ಲಿಯ ಹೊಲಗಳು ಬಹುಮಟ್ಟಿಗೆ ಮಳೆಯನ್ನು ನಂಬಿದವು. ರಾಗಿ, ಹತ್ತಿ, ಅವರೆ ಬೆಳೆಯುವ ನೆಲ. ಆದುದರಿಂದ ಆ ಮನೆಯಲ್ಲಿ ಯಾವ ಮಂಗಳಕಾರ್ಯ ನಡೆದರೂ ಊಟದ ಅಕ್ಕಿ ತವರಿನಿಂದ ಹೋಗುವುದು ನಮ್ಮ ತಂದೆಯವರ ಕಾಲದಿಂದ ಬಂದ ಪದ್ಧತಿ. ಈ ವೈಶಾಖದಲ್ಲಿ ಅಕ್ಕನ ಮೊಮ್ಮಗಳಿಗೆ ಮದುವೆ ಗೊತ್ತಾಯಿತು. ಇಪ್ಪತ್ತು ಮೂಟೆ ಅಕ್ಕಿ ಕಟ್ಟಿಸಿದೆವು. ಮರುದಿನ ಬೆಳಗ್ಗೆ ಧಾರೆ. ಹಿಂದಿನ ದಿನ ಸಂಜೆಯೊಳಗೆ ಅಕ್ಕಿ ಮುಟ್ಟಬೇಕು.

ಒಯ್ಯುವ ಭಾರವನ್ನು ನಮ್ಮ ತಂಗಿಯ ಮಗ ವಹಿಸಿಕೊಂಡ. ಅವನು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಬೆಟ್ಟದಪುರದ ಸಮೀಪ ಹೊಗೆಸೊಪ್ಪು ಬೆಳೆಯುವ ರೈತ. ಹುಣಸೂರು, ಪಿರಿಯಾಪಟ್ಟಣಗಳ ಕೆಂಪು ಮಣ್ಣಿಗೆ ವರ್ಜಿನಿಯಾ ಜಾತಿಯ ಹೊಗೆಸೊಪ್ಪು ಚೆನ್ನಾಗಿ ಒಗ್ಗಿದೆ. ಸೊಪ್ಪನ್ನು ಮುರಿದು, ಕೋಲಿಗೆ ಕಟ್ಟಿ, ಎತ್ತರವಾದ ಬ್ಯಾರನ್ನುಗಳಲ್ಲಿ ನೇತುಹಾಕಿ ಸೌದೆಯ ಕಾವಿನಿಂದ ಹದಗೊಳಿಸುತ್ತಾರೆ. ಬಳಿಕ ಬೇಲುಗಳಾಗಿ ಕಟ್ಟಿ ತಂಬಾಕು ಮಂಡಳಿಯ ಹರಾಜು ಕಟ್ಟೆಗೆ ಒಯ್ಯುತ್ತಾರೆ. ಸೌದೆ ತರುವುದು, ಬೇಲು ಸಾಗಿಸುವುದು, ಗೊಬ್ಬರ ಹೇರುವುದು, ಊರಿನ ಬಸುರಿ ಹೆಂಗಸರನ್ನು ರಾತ್ರಿವೇಳೆ ಆಸ್ಪತ್ರೆಗೆ ಮುಟ್ಟಿಸುವುದು, ಇವೆಲ್ಲಕ್ಕೂ ಅವನಿಗಿರುವುದು ಅದೊಂದೇ ಪಿಕಪ್ ಗಾಡಿ. ಅದು ಅವನ ಕೈಗೆ ಬರುವಾಗಲೇ ಎರಡನೆಯ ಯಜಮಾನನನ್ನು ಕಂಡಿದ್ದಿತು.

ಈಗ ನಮ್ಮ ತಪ್ಪನ್ನು ಹೇಳಬೇಕು. ಮಾಘಮಾಸದಲ್ಲಿ ಅವನು ನಮ್ಮ ಮನೆಗೆ ಬಂದಿದ್ದಾಗ, “ಮಾವ, ಗಾಡಿಯ ಮುಂದಿನ ಎಡಗಡೆ ಬ್ಲೇಡೊಂದು ಮುರಿದಿದೆ. ಎಂಟು ಸಾವಿರ ಕೊಟ್ಟಿದ್ದರೆ ಎರಡೂ ಕಡೆ ಮಾಡಿಸಿಬಿಡುತ್ತಿದ್ದೆ, ಸೊಪ್ಪಿನ ಹಣ ಬಂದೊಡನೆ ತೀರಿಸುತ್ತೇನೆ” ಎಂದು ಸಂಕೋಚದಿಂದ ಕೇಳಿದ. “ಗಾಡಿ ಓಡುತ್ತಿದೆಯೋ ಇಲ್ಲವೋ?” ಎಂದು ನಾವು ಕೇಳಿದೆವು. “ಓಡುತ್ತಿದೆ” ಎಂದ. “ಓಡುವ ಗಾಡಿಗೆ ವೆಚ್ಚ ಮಾಡುವುದು ಜಾಣತನವಲ್ಲ. ಸುಗ್ಗಿ ಕಳೆಯಲಿ, ನೋಡೋಣ” ಎಂದು ಮಿತವ್ಯಯದ ಮೇಲೆ ಒಂದು ಸಣ್ಣ ಉಪನ್ಯಾಸವನ್ನೂ ಮಾಡಿ ಕಳುಹಿಸಿದೆವು. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾಲಗೆಗೆ ಉಪದೇಶವು ಸುಲಭ. ಅವನು ಮತ್ತೆ ಕೇಳಲಿಲ್ಲ.

ಹೊರಟ ದಿನ ಬೆಳಗಿನ ಆರು ಗಂಟೆ. ಹಿಂದಿನ ರಾತ್ರಿ ಮಳೆಯ ನಾಲ್ಕು ಹನಿ ಬಿದ್ದು ನೆಲ ಘಮಘಮಿಸುತ್ತಿದ್ದಿತು. ಹಿಂದೆ ಅಕ್ಕಿಯ ಮೂಟೆಗಳು, ಅವುಗಳ ಮೇಲೆ ಎರಡು ಕೊಳದಪ್ಪಲೆ. ಮುಂದೆ ನಮ್ಮ ಸೋದರಳಿಯ, ನಮ್ಮ ಮನೆಯವರು, ನಾವು. ಗದ್ದೆಗಳ ಸೀಮೆ ಹಿಂದಾಗಿ ಕೆಂಪು ಹೊಲಗಳ ಸೀಮೆ ಬಂದಿತು. ಹೊಲಗಳ ಅಂಚಿನಲ್ಲಿ ಹೊಗೆಸೊಪ್ಪಿನ ಸಸಿಮಡಿಗಳಿಗೆ ಹೆಂಗಸರು ನೀರು ಚಿಮುಕಿಸುತ್ತಿದ್ದರು. ಗಾಡಿಯು ಎಡಕ್ಕೆ ಸ್ವಲ್ಪ ವಾಲಿಕೊಂಡಂತೆಯೂ, ಹಳ್ಳ ಬಂದಾಗಲೆಲ್ಲ ಕೆಳಗೆ ಏನೋ ‘ಟಕ್’ ಎಂದಂತೆಯೂ ನಮಗೆ ತೋರಿತು. ಹಳೆಯ ಗಾಡಿಯ ಸ್ವಭಾವವೆಂದು ಸುಮ್ಮನಾದೆವು.

ಹುಣಸೂರಿಗೆ ಇನ್ನೆರಡು ಮೈಲಿ ಇರುವಾಗ ರಸ್ತೆಯ ಉಬ್ಬೊಂದನ್ನು ದಾಟಿದೆವು. ತೆಂಗಿನ ಮರ ಮುರಿದು ಬಿದ್ದಂತಹ ಶಬ್ದವಾಯಿತು. ಗಾಡಿಯ ಮುಂಭಾಗ ಎಡಕ್ಕೆ ಕುಸಿದು, ಸ್ಟಿಯರಿಂಗು ತಾನಾಗಿಯೇ ಎಡಕ್ಕೆ ಎಳೆಯಿತು. ಎದುರಿನಿಂದ ಬಸ್ಸು ಬರುತ್ತಿದ್ದಿತು, ಎಡಗಡೆ ಹಳ್ಳ. ಹುಡುಗನು ಎರಡು ಕೈಯಲ್ಲೂ ಚಕ್ರವನ್ನು ಹಿಡಿದು, ಹಲ್ಲು ಕಚ್ಚಿ, ಹಳ್ಳದ ಅಂಚಿನಲ್ಲಿ ಗಾಡಿಯನ್ನು ನಿಲ್ಲಿಸಿದ. ನಮ್ಮ ಮನೆಯವರು ಮಾತಾಡಲಿಲ್ಲ. ಅವರ ಕೈ ನಮ್ಮ ತೋಳನ್ನು ಹಿಡಿದುದು ಬಹಳ ಹೊತ್ತು ಬಿಡಲಿಲ್ಲ.

ಇಳಿದು ನೋಡಿದರೆ, ಎಡಗಡೆಯ ಮುಂದಿನ ಚಕ್ರವು ತನ್ನ ಸ್ಥಾನದಿಂದ ಒಂದು ಗೇಣು ಹಿಂದಕ್ಕೆ ಸರಿದು ಮಡ್‌ಗಾರ್ಡಿನ ಹಿಂಬದಿಗೆ ಒರಗಿಕೊಂಡಿದ್ದಿತು.

ಇದರ ಕಾರಣ ತಿಳಿಯಬೇಕಾದರೆ ಗಾಡಿಯ ಕೆಳಗಿನ ರಚನೆಯನ್ನು ಸ್ವಲ್ಪ ತಿಳಿಯಬೇಕು. ನಮ್ಮ ಎತ್ತಿನ ಗಾಡಿಯಲ್ಲಿ ಚೌಕಟ್ಟು ನೇರವಾಗಿ ಅಚ್ಚಿನ ಮೇಲೆ ಕೂಡುತ್ತದೆ. ಚಕ್ರ ಕಲ್ಲನ್ನು ಹತ್ತಿದರೆ ಕುಳಿತವನ ಬೆನ್ನೆಲುಬಿಗೇ ಪೆಟ್ಟು. (ಕನ್ನಡದ ‘ಅಚ್ಚು’ ಸಂಸ್ಕೃತದ ‘ಅಕ್ಷ’ದ ತದ್ಭವವೆಂಬುದನ್ನು ವಾಚಕರು ಬಲ್ಲರು.) ಈ ಪೆಟ್ಟನ್ನು ನುಂಗುವುದಕ್ಕಾಗಿ ಅಚ್ಚಿಗೂ ಚೌಕಟ್ಟಿಗೂ ನಡುವೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನಿಡುತ್ತಾರೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಒಬದೈಯಾ ಎಲಿಯಟ್ ಎಂಬಾತನು ಕುದುರೆ ಸಾರೋಟುಗಳಿಗೆ ಇಂತಹ ಕಮಾನುಗಳನ್ನು ಜೋಡಿಸುವ ಕ್ರಮವನ್ನು ರೂಢಿಗೆ ತಂದ. ಮೈಸೂರಿನ ಟಾಂಗಾದಲ್ಲಿ ಕುಳಿತವರೆಲ್ಲ ಆ ಕಮಾನಿನ ಸುಖವನ್ನು ಬಲ್ಲರು. ಸರಕು ಹೊರುವ ಅನೇಕ ಮೋಟಾರು ಗಾಡಿಗಳಿಗೆ ಇಂದಿಗೂ ಅದೇ ಆಧಾರ. ಶಾಕುಂತಲದ ಏಳನೆಯ ಅಂಕದಲ್ಲಿ ದುಷ್ಯಂತನು ಇಂದ್ರನ ರಥದಲ್ಲಿ ಇಳಿದು ಬರುವಾಗ ಚಕ್ರದ ಸದ್ದೂ ಇಲ್ಲ, ಧೂಳೂ ಇಲ್ಲ. ಆ ರಥಕ್ಕೆ ಕಮಾನು ಬೇಕಿರಲಿಲ್ಲ. ನೆಲದ ಮೇಲೆ ಓಡುವ ರಥಗಳಿಗೆ ಬೇಕು.

ಒಂದೊಂದು ಪಟ್ಟಿಗೂ ಗ್ಯಾರೇಜಿನವರು ಬ್ಲೇಡೆಂದೂ, ಹಲವು ಪಟ್ಟಿಗಳ ಕಟ್ಟಿಗೆ ಬ್ಲೇಡ್ ಸೆಟ್ಟೆಂದೂ ಹೇಳುತ್ತಾರೆ. ಮೇಲಿನ ಮೊದಲನೆಯ ಬ್ಲೇಡು ಎಲ್ಲಕ್ಕಿಂತ ಉದ್ದ. ಅದರ ಎರಡು ತುದಿಗಳನ್ನೂ ಸುರುಳಿ ಸುತ್ತಿ ಕಣ್ಣು ಮಾಡಿರುತ್ತಾರೆ. ಮುಂದಿನ ಕಣ್ಣು ಚೌಕಟ್ಟಿಗೆ ಪಿನ್ನಿನಿಂದ ಸೇರಿಕೊಂಡು ಸ್ಥಿರವಾಗಿರುತ್ತದೆ. ಹಿಂದಿನ ಕಣ್ಣು ಶ್ಯಾಕಲ್ಲೆಂಬ ತೂಗುಕೊಂಡಿಗೆ ಸೇರಿರುತ್ತದೆ. ಏಕೆಂದರೆ ಬಾಗಿದ ಪಟ್ಟಿ ಭಾರಕ್ಕೆ ನೆಟ್ಟಗಾದಾಗ ಉದ್ದವಾಗುತ್ತದೆ, ಆ ಉದ್ದಕ್ಕೆ ಜಾಗ ಬೇಕು. ಕೆಳಗಿನ ಬ್ಲೇಡುಗಳು ಕ್ರಮವಾಗಿ ಗಿಡ್ಡವಾಗುತ್ತ ಹೋಗಿ, ಮೊದಲನೆಯದಕ್ಕೆ ಒತ್ತಾಸೆಯಾಗಿ ನಿಲ್ಲುತ್ತವೆ. ಎಲ್ಲವನ್ನೂ ನಡುವೆ ಒಂದು ಸೆಂಟರ್ ಬೋಲ್ಟು ಪೋಣಿಸುತ್ತದೆ. ಎರಡು ಯೂ ಬೋಲ್ಟುಗಳು ಅಚ್ಚಿಗೆ ಬಿಗಿಯುತ್ತವೆ. ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಕಮಾನು ಭಾರವನ್ನು ಹೊರುವುದಷ್ಟೇ ಅಲ್ಲ. ಚಕ್ರವನ್ನು ಅದರ ಸ್ಥಾನದಲ್ಲಿ ಹಿಡಿದಿರುವುದೂ ಅದೇ. ನಮ್ಮ ಗಾಡಿಯಲ್ಲಿ ಮೊದಲನೆಯ ಬ್ಲೇಡು ಅಚ್ಚಿಗಿಂತ ಮುಂದೆ ಮುರಿದಿದ್ದಿತು. ಹಿಡಿದುಕೊಳ್ಳುವ ಕೈ ಹೋದುದರಿಂದ ಚಕ್ರವು ಹಿಂದಕ್ಕೆ ಸರಿದಿದ್ದಿತು.

ದೂರವಾಣಿಯಲ್ಲಿ ಕರೆದ ಅರ್ಧಗಂಟೆಯಲ್ಲಿ ಹುಣಸೂರಿನಿಂದ ಒಬ್ಬ ಸಾಹೇಬರು ಮೋಟಾರ್ ಬೈಕಿನಲ್ಲಿ, ಹಿಂದೆ ಒಬ್ಬ ಹುಡುಗನನ್ನೂ ಸರಪಳಿಯನ್ನೂ ಕೂರಿಸಿಕೊಂಡು ಬಂದರು. ನಮ್ಮ ವಯಸ್ಸೇ ಇರಬಹುದು. ನೆಲದ ಮೇಲೆ ಮಲಗಿ ಒಳಗೆ ಕೈಯಾಡಿಸಿ ಎದ್ದರು.

“ಮೊದಲನೇದೂ ಹೋಗಿದೆ, ಎರಡನೇದೂ ಹೋಗಿದೆ” ಎಂದರು.

ಸೋದರಳಿಯನಿಗೆ ಗಡಿಯಾರದ ಮೇಲೆ ಕಣ್ಣು. “ಸರಪಳಿ ಬಿಗಿದು ಕೊಟ್ಟುಬಿಡಿ ಸಾಹೇಬರೇ. ನಿಧಾನವಾಗಿ ಕೋಟೆ ಸೇರಿಕೊಳ್ಳುತ್ತೇನೆ. ಮದುವೆ ಅಕ್ಕಿ, ಸಂಜೆಗೆ ಮುಟ್ಟಲೇಬೇಕು” ಎಂದ. ಸತ್ಯವನ್ನು ಹೇಳುವುದಾದರೆ, ನಮ್ಮ ಮನಸ್ಸೂ ಅದೇ ಕಡೆಗೆ ವಾಲಿದ್ದಿತು.

ಸಾಹೇಬರು ಅವನನ್ನು ಕರೆದು ಚಕ್ರದ ಹಿಂದೆ ತೋರಿಸಿದರು. “ಗಾಡಿ ನಿಮ್ಮದು, ಬೇಡ ಅನ್ನೋಕೆ ನಾನ್ಯಾರು? ಆದರೆ ಈ ಬ್ರೇಕಿನ ಪೈಪು ನೋಡಿ. ಅಚ್ಚು ಹಿಂದೆ ಹೋಗಿ ಇದನ್ನ ತಂತಿ ಥರಾ ಎಳೆದಿಟ್ಟಿದೆ. ಇನ್ನೊಂದು ಹಂಪಿಗೆ ಇದು ಕಿತ್ತರೆ ಮುಂದಿನ ಬ್ರೇಕು ಇಲ್ಲ. ನನ್ನ ಗ್ಯಾರೇಜಿನವರೆಗೆ ಬರೀ ಗಾಡಿನ ನಡಿಗೆ ವೇಗದಲ್ಲಿ ತರ್ತೀನಿ. ಕೋಟೆಗೆ ಮಾತ್ರ ಕಟ್ಟಿಕೊಡೋದಿಲ್ಲ.”

ನಾವು ಇನ್ನೂ ಯೋಚಿಸುತ್ತಿರುವಾಗ ನಮ್ಮ ಮನೆಯವರು ನಿರ್ಧಾರ ಮಾಡಿಯಾಗಿದ್ದಿತು. “ಮದುವೆ ಮನೆಗೆ ಬೇಕಾದದ್ದು ಅಕ್ಕಿ. ಬೇರೆ ಗಾಡಿ ಗೊತ್ತುಮಾಡಿ. ಅಕ್ಕಿಯ ಜತೆಗೆ ನಾನು ಹೋಗುತ್ತೇನೆ. ನೀವಿಬ್ಬರೂ ಇದನ್ನು ಸರಿಯಾಗಿ ಮಾಡಿಸಿಕೊಂಡು ಧಾರೆಯ ಹೊತ್ತಿಗೆ ಬಂದರೆ ಸಾಕು. ಈ ಹುಡುಗನನ್ನು ಈ ಗಾಡಿಯಲ್ಲಿ ಹೀಗೆ ಕಳುಹಿಸುವ ಮಾತು ಮಾತ್ರ ಆಡಬೇಡಿ” ಎಂದರು. ಸಾಹೇಬರೇ ಒಂದು ಸಣ್ಣ ಗೂಡ್ಸ್ ಗಾಡಿಯನ್ನು ಕರೆಸಿಕೊಟ್ಟರು. ಹೊಂಗೆಯ ಮರದ ನೆರಳಿನಲ್ಲಿ ಮೂಟೆಗಳು ಗಾಡಿಯಿಂದ ಗಾಡಿಗೆ ಹೋದವು. ಮನೆಯವರು ಕೊಳದಪ್ಪಲೆಗಳ ಮೇಲೆ ಒಂದು ಕಣ್ಣಿಟ್ಟು ಡ್ರೈವರನ ಪಕ್ಕದಲ್ಲಿ ಕುಳಿತು ಹೊರಟುಹೋದರು.

ಬಳಿಕ ಸಾಹೇಬರು ಜಾಕಿಯಿಂದ ಚೌಕಟ್ಟನ್ನೆತ್ತಿ, ಸರಪಳಿಯಿಂದ ಅಚ್ಚನ್ನು ಮುಂದಕ್ಕೆಳೆದು ಕಟ್ಟಿ, ಅಚ್ಚಿಗೂ ಚೌಕಟ್ಟಿಗೂ ನಡುವೆ ಒಂದು ಮರದ ತುಂಡನ್ನು ಕೊಟ್ಟರು. ರಾಮಾಯಣದ ಕಥೆ ಹೇಳುವವರು, ದಶರಥನ ರಥದ ಕಡಾಣಿ ಬಿದ್ದುಹೋದಾಗ ಕೈಕೇಯಿಯು ತನ್ನ ಬೆರಳನ್ನೇ ಇಟ್ಟು ಯುದ್ಧ ಮುಗಿಯುವವರೆಗೆ ರಥವನ್ನು ನಡೆಯಿಸಿದಳೆಂದು ವರ್ಣಿಸುತ್ತಾರೆ. ಆ ಮರದ ತುಂಡನ್ನು ಕಂಡಾಗ ನಮಗೆ ಆ ಕಥೆಯ ನೆನಪಾಯಿತು. ಆಪತ್ಕಾಲದ ಉಪಾಯವನ್ನು ನಿತ್ಯದ ವ್ಯವಸ್ಥೆಯೆಂದು ತಿಳಿಯಬಾರದೆಂಬುದನ್ನು ಸಾಹೇಬರು ದಶರಥನಿಗಿಂತ ಚೆನ್ನಾಗಿ ಬಲ್ಲವರಾಗಿದ್ದರು.

ಗ್ಯಾರೇಜು ಊರಿನ ಒಂದು ಅಂಚಿನಲ್ಲಿದೆ: ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ ಸ್ಪ್ಯಾನರುಗಳು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನೆತ್ತಿ, ಚೌಕಟ್ಟಿನ ಕೆಳಗೆ ದಪ್ಪನಾದ ಮರದ ದಿಮ್ಮಿಗಳನ್ನು ಇಟ್ಟ ಮೇಲೆಯೇ ಅವರು ಕೆಳಗೆ ನುಗ್ಗಿದರು. “ಜಾಕಿ ನಂಬಿ ಗಾಡಿ ಕೆಳಗೆ ಮಲಗಬಾರದು” ಎಂದು ಹುಡುಗನಿಗೆ ಹೇಳಿದುದು ನಮಗೂ ಕೇಳಿಸಿತು. ಚಕ್ರ ಬಿಚ್ಚಿದರು. ಯೂ ಬೋಲ್ಟಿನ ನಟ್ಟುಗಳು ತುಕ್ಕು ಹಿಡಿದಿದ್ದವು. ಸೀಮೆಎಣ್ಣೆ ಬಿಟ್ಟು ನೆನೆಯಿಸಿದರು. ಮೂರು ಬಿಟ್ಟುಕೊಟ್ಟವು, ನಾಲ್ಕನೆಯದನ್ನು ಉಳಿಯಿಂದ ಕತ್ತರಿಸಬೇಕಾಯಿತು. ಪಿನ್ನುಗಳನ್ನು ಹೊಡೆದು ತೆಗೆದಾಗ ಕಮಾನಿನ ಕಟ್ಟು ಎರಡು ತುಂಡಾಗಿ ನೆಲಕ್ಕೆ ಇಳಿಯಿತು.

ಅದನ್ನು ಅಲ್ಲಿಯೇ ಹತ್ತಿರದಲ್ಲಿದ್ದ ಒಬ್ಬ ಆಚಾರ್ಯರ ಕುಲುಮೆಗೆ ಹೊತ್ತೊಯ್ದರು. ಇವರ ಕೆಲಸ ಕಮಾನು ಕಟ್ಟುವುದೊಂದೇ. ಅಜ್ಜ ಬಂಡಿಯ ಚಕ್ರಕ್ಕೆ ಹಳಿ ಹಾಕುತ್ತಿದ್ದರಂತೆ. ತಂದೆ ಲಾರಿಯ ಬ್ಲೇಡಿಗೆ ಬಂದರಂತೆ. ಅವರು ಕಟ್ಟನ್ನು ಇಕ್ಕಳದಲ್ಲಿ ಗಟ್ಟಿಯಾಗಿ ಹಿಡಿಯಿಸಿ, ಸೆಂಟರ್ ಬೋಲ್ಟನ್ನು ತೆಗೆದು, ಇಕ್ಕಳವನ್ನು ಮೆಲ್ಲಮೆಲ್ಲನೆ ಸಡಿಲಿಸಿದರು. ಹಾಗೆ ಮಾಡದಿದ್ದರೆ ಅದುಮಿಟ್ಟ ಪಟ್ಟಿಗಳು ಸಿಡಿದು ಕೈಯನ್ನೇ ಮುರಿದಾವು. ಬ್ಲೇಡುಗಳು ಒಂದೊಂದಾಗಿ ಬಿಡಿಯಾದವು. ಆಚಾರ್ಯರು ಮೊದಲನೆಯದರ ಮುರಿದ ತುದಿಯನ್ನು ಬಟ್ಟೆಯಿಂದೊರೆಸಿ ಬೆಳಕಿಗೆ ಹಿಡಿದರು.

“ಮೇಷ್ಟ್ರೇ, ಇಲ್ಲಿ ನೋಡಿ.”

ಮುರಿದ ಮುಖವು ಎರಡು ಬಣ್ಣವಾಗಿದ್ದಿತು. ಒಂದು ಭಾಗವು ತುಕ್ಕಿನಿಂದ ಕಂದಾಗಿ, ಮರದ ಕಾಂಡದಲ್ಲಿನ ಬಳೆಗಳಂತೆ ಸಣ್ಣ ಗೆರೆಗಳಿಂದ ಕೂಡಿದ್ದಿತು. ಉಳಿದುದು ಸಕ್ಕರೆಯ ಹರಳಿನಂತೆ ಬೆಳ್ಳಗೆ ಹೊಳೆಯುತ್ತಿದ್ದಿತು.

“ಈ ಬೆಳ್ಳಗಿರೋದು ಇವತ್ತು ಬೆಳಗ್ಗೆ ಮುರಿದದ್ದು. ಈ ಕಂದು ಭಾಗ ತಿಂಗಳುಗಟ್ಟಲೆಯಿಂದ ಬಿರುಕು ಬಿಟ್ಟಿದೆ. ಎರಡನೇ ಬ್ಲೇಡು ಮೊದಲೇ ಹೋಗಿದೆ, ಅದರ ಮುಖವೆಲ್ಲ ತುಕ್ಕು. ಅದು ಹೊರುತ್ತಿದ್ದ ಭಾರ ಇದರ ಮೇಲೆ ಬಿತ್ತು. ಪಾಪ, ಇದು ಎಷ್ಟು ದಿನ ತಡೆದೀತು? ಅಂದೇ ಎರಡನೇದನ್ನ ಹಾಕಿಸಿದ್ದರೆ ಇದು ಉಳೀತಿತ್ತು.”

ಸೋದರಳಿಯನು ಪಕ್ಕದಲ್ಲಿಯೇ ನಿಂತಿದ್ದ. ಮಾಘಮಾಸದ ಮಾತನ್ನು ಅವನು ಎತ್ತಬಹುದಾಗಿದ್ದಿತು; ಎತ್ತಲಿಲ್ಲ. ನೆಲವನ್ನು ನೋಡುತ್ತಿದ್ದ. ಆ ಮೌನವು ನಮಗೆ ಮಾತಿಗಿಂತ ಕಠಿನವಾಗಿ ತೋರಿತು. ಆ ತಿಂಗಳುಗಳಲ್ಲಿ ಅವನು ಆ ಗಾಡಿಯಲ್ಲಿ ಬೇಲು ಸಾಗಿಸಿದ್ದ. ನೆರೆಯವರ ಸೊಸೆಯನ್ನು ರಾತ್ರಿಯಲ್ಲಿ ಹೆರಿಗೆಗೆ ಕರೆದೊಯ್ದಿದ್ದ. ತನ್ನ ಎರಡು ಮಕ್ಕಳನ್ನು ಶಾಲೆಗೆ ಬಿಟ್ಟಿದ್ದ. ಇಷ್ಟು ದಿನವೂ ಬಿರುಕು ಒಂದೊಂದು ಗೆರೆಯಾಗಿ ಒಳಕ್ಕೆ ನಡೆದಿದ್ದಿತು. “ಆಚಾರ್ಯರೇ, ಇವನು ಆಗಲೇ ಮಾಡಿಸಬೇಕೆಂದಿದ್ದ. ಬೇಡವೆಂದವರು ನಾವು” ಎಂದು ಹೇಳಿದೆವು. ಆಚಾರ್ಯರು ಏನೂ ಹೇಳದೆ ಬ್ಲೇಡನ್ನು ಪಕ್ಕಕ್ಕಿಟ್ಟರು. ಹುಡುಗನು ಮಾತ್ರ, “ಬಿಡಿ ಮಾವ, ಈಗ ಏನೂ ಆಗಲಿಲ್ಲವಲ್ಲ” ಎಂದ.

ಖರ್ಚನ್ನು ನೆನೆದು ಅವನು, “ಮುರಿದದ್ದನ್ನು ವೆಲ್ಡಿಂಗ್ ಮಾಡಿದರೆ ನಡೆಯುವುದಿಲ್ಲವೆ?” ಎಂದು ಕೇಳಿದ. ಆಚಾರ್ಯರು ತಲೆಯಲ್ಲಾಡಿಸಿದರು. ಕಮಾನಿನ ಉಕ್ಕಿಗೆ ಬಾಗಿ ಮತ್ತೆ ನಿಮಿರುವ ಗುಣ ಬರುವುದು ಅದನ್ನು ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿ ಕೊಟ್ಟ ಪಾಕದಿಂದ. ವೆಲ್ಡಿಂಗಿನ ಉರಿಯು ಆ ಪಾಕವನ್ನು ಕೆಡಿಸುತ್ತದೆ. ಬೆಸುಗೆಯ ಪಕ್ಕದಲ್ಲಿಯೇ ಮತ್ತೆ ಮುರಿಯುತ್ತದೆ. ಆದುದರಿಂದ ಮೊದಲನೆಯ ಮತ್ತು ಎರಡನೆಯ ಬ್ಲೇಡುಗಳು ಹೊಸವೇ ಆಗಬೇಕು. ಬಲಗಡೆಯ ಕಮಾನನ್ನೂ ಬಿಚ್ಚಲು ಹೇಳಿದರು. ಅದು ಮುರಿದಿರಲಿಲ್ಲ, ಆದರೆ ವರ್ಷಗಳ ಭಾರಕ್ಕೆ ಚಪ್ಪಟೆಯಾಗಿದ್ದಿತು. ಒಂದು ಕಡೆ ಹೊಸದರ ಎತ್ತರ, ಇನ್ನೊಂದು ಕಡೆ ಹಳೆಯದರ ತಗ್ಗು ಆದರೆ ಗಾಡಿ ವಾಲುತ್ತದೆ, ಎಳೆಯುತ್ತದೆ. ಎರಡನ್ನೂ ಒಂದೇ ಬಾಗಿಗೆ ತರಬೇಕು. ಸಂಜೆಯಾಗುತ್ತದೆಂದು ಗೊತ್ತಾಯಿತು.

ಆ ಬಿಡುವಿನಲ್ಲಿ ನಾವು ಊರನ್ನು ನೋಡಹೊರಟೆವು. ಹುಣಸೂರು ಲಕ್ಷ್ಮಣತೀರ್ಥ ನದಿಯ ದಡದ ಊರು. ಕೊಡಗಿನಲ್ಲಿ ಹುಟ್ಟಿ ಬರುವ ಈ ನದಿ ಮುಂದೆ ಕಾವೇರಿಯನ್ನು ಸೇರುತ್ತದೆ. ಬೇಸಗೆಯಾದುದರಿಂದ ನೀರು ಕಲ್ಲುಗಳ ನಡುವೆ ತೆಳ್ಳಗೆ ಹರಿಯುತ್ತಿದ್ದಿತು. ಸೇತುವೆಯ ಮೇಲೆ ನಿಂತರೆ ಮೈಸೂರಿನಿಂದ ಕೊಡಗಿನ ಕಡೆಗೆ ಹೋಗುವ ಗಾಡಿಗಳ ಸಾಲು ತೀರುವುದೇ ಇಲ್ಲ. ದೇವರಾಜ ಅರಸರ ಹುಟ್ಟೂರಾದ ಕಲ್ಲಹಳ್ಳಿ ಇದೇ ತಾಲ್ಲೂಕಿನದು.

ಈ ಊರಿಗೂ ಗಾಡಿಗಳಿಗೂ ಇರುವ ಸಂಬಂಧ ಹಳೆಯದು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯ ದನಗಳೇ ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಎಂಬ ಹೆಸರನ್ನು ಪಡೆದವು. ಫಿರಂಗಿಗಳನ್ನೂ ದಂಡಿನ ಸಾಮಾನುಗಳನ್ನೂ ಎಳೆಯುವುದರಲ್ಲಿ ಈ ಎತ್ತುಗಳಿಗೆ ಸಮಾನವಿರಲಿಲ್ಲ. ೧೭೯೯ರ ತರುವಾಯ ಆಂಗ್ಲರ ಕಾಲದಲ್ಲಿ ಹುಣಸೂರು ಅಮೃತಮಹಲಿನ ಮುಖ್ಯಸ್ಥಾನವಾಯಿತು. ಮದರಾಸಿನ ಸೈನ್ಯದ ಸರಬರಾಯಿ ಇಲಾಖೆಯವರು ಇಲ್ಲಿ ತೊಗಲು ಹದಮಾಡುವ, ಕಂಬಳಿ ನೇಯುವ ಕಾರ್ಖಾನೆಗಳನ್ನೂ ಮರದ ಕೋಠಿಯನ್ನೂ ೧೮೬೪ರವರೆಗೆ ನಡೆಯಿಸುತ್ತಿದ್ದರು. ಕಾರ್ಖಾನೆ ಮುಚ್ಚಿದರೂ ಕಸಬು ಕಲಿತ ಜನ ಊರಿನಲ್ಲಿಯೇ ಉಳಿದರು. ಚರ್ಮದ ಕೆಲಸ, ಕಂಬಳಿ, ಗಟ್ಟಿಮುಟ್ಟಾದ ಬಂಡಿಗಳು, ಇವುಗಳಿಗಾಗಿ ಹುಣಸೂರು ಆಮೇಲೆಯೂ ಬಹುಕಾಲ ಹೆಸರುವಾಸಿಯಾಗಿದ್ದಿತು. ಬಂಡಿಗಳ ಕಾಲ ಹೋಯಿತು. ಆದರೆ ಅಚ್ಚು, ಚಕ್ರ, ಕಬ್ಬಿಣಗಳನ್ನು ಬಲ್ಲ ಕೈಗಳು ಈ ಊರಿನಿಂದ ಹೋಗಿಲ್ಲವೆಂಬುದಕ್ಕೆ ನಾವು ಅಂದು ಕಂಡ ಕುಲುಮೆಯೇ ಸಾಕ್ಷಿ.

ಮಧ್ಯಾಹ್ನ ಮೂರು ಗಂಟೆಗೆ ಹಿಂದಿರುಗಿದಾಗ ಆಚಾರ್ಯರು ಉಳಿದ ಹಳೆಯ ಬ್ಲೇಡುಗಳಿಗೆ ಬಾ‌ಗು ಕೊಡುತ್ತಿದ್ದರು. ಕಾಯಿಸದೆಯೇ, ಅಡಿಗಲ್ಲಿನ ಮೇಲಿಟ್ಟು, ಬೆರಳಗಲಕ್ಕೊಂದರಂತೆ ಸುತ್ತಿಗೆಯ ಪೆಟ್ಟು. ಒಂದು ಪೆಟ್ಟು ಹೆಚ್ಚಿಲ್ಲ, ಒಂದು ಕಡಮೆಯಿಲ್ಲ. ನಡುನಡುವೆ ಹೊಸ ಬ್ಲೇಡಿನ ಮೇಲಿಟ್ಟು, ಎರಡರ ನಡುವೆ ಬೆಳಕು ಎಲ್ಲಿ ಕಾಣುತ್ತದೆಂದು ನೋಡುವರು. ಛಂದಸ್ಸು ತಪ್ಪಿದ ಪಾದವನ್ನು ಕಿವಿಯಿಂದ ಗುರುತಿಸುವ ಪಂಡಿತರನ್ನು ನಾವು ಕಂಡಿದ್ದೇವೆ; ಇವರು ಬಾಗು ತಪ್ಪಿದ ಉಕ್ಕನ್ನು ಕಣ್ಣಿನಿಂದಲೇ ಗುರುತಿಸುತ್ತಿದ್ದರು. ಬಾಗು ಕೂಡಿದ ಮೇಲೆ ಬ್ಲೇಡುಗಳ ನಡುವೆ ಗ್ರೀಸು ಬಳಿದು, ಇಕ್ಕಳದಲ್ಲಿ ಅದುಮಿ, ಹೊಸ ಸೆಂಟರ್ ಬೋಲ್ಟು ಹಾಕಿ ಕಟ್ಟಿಕೊಟ್ಟರು.

ಜೋಡಿಸುವ ಕೆಲಸ ಸಾಹೇಬರದು. ಕಣ್ಣುಗಳಿಗೆ ಹೊಸ ಬುಷ್ಷು; ಸೆಂಟರ್ ಬೋಲ್ಟಿನ ತಲೆಯು ಅಚ್ಚಿನ ಗುಳಿಯಲ್ಲಿ ಸರಿಯಾಗಿ ಕುಳಿತಿದೆಯೇ ಎಂದು ಬೆರಳಿಟ್ಟು ನೋಡಿದರು. ಯೂ ಬೋಲ್ಟುಗಳನ್ನು ಹೊಸದಾಗಿ ತರಿಸಿದರು. ಒಮ್ಮೆ ಎಳೆದು ಬಿಗಿದ ಹಳೆಯವನ್ನು ಮತ್ತೆ ನಂಬಬಾರದಂತೆ. ನಾಲ್ಕು ನಟ್ಟುಗಳನ್ನು ಒಂದೇ ಸಲಕ್ಕೆ ಬಿಗಿಯದೆ, ಮೂಲೆಯಿಂದ ಮೂಲೆಗೆ ಸ್ವಲ್ಪಸ್ವಲ್ಪವಾಗಿ ಬಿಗಿದರು. ಶ್ಯಾಕಲ್ಲಿನ ಪಿನ್ನುಗಳನ್ನು ಮಾತ್ರ ಸಡಿಲವಾಗಿಯೇ ಬಿಟ್ಟು, ಗಾಡಿಯನ್ನು ನೆಲಕ್ಕಿಳಿಸಿ ಅದರ ಭಾರ ಕಮಾನಿನ ಮೇಲೆ ಬಂದ ಬಳಿಕ ಬಿಗಿದರು; ಎತ್ತಿದ ಸ್ಥಿತಿಯಲ್ಲಿಯೇ ಬಿಗಿದರೆ ರಬ್ಬರಿನ ಬುಷ್ಷು ತಿರುಚಿಕೊಂಡು ಬೇಗ ಹರಿಯುತ್ತದೆ. ಎಳೆದಿದ್ದ ಬ್ರೇಕಿನ ಪೈಪನ್ನು ಬದಲಾಯಿಸಿದರು. ಚಕ್ರಗಳು ಒಂದಕ್ಕೊಂದು ನೇರವಾಗಿವೆಯೇ, ಎರಡು ಪಕ್ಕದ ಎತ್ತರವೂ ಸಮನಾಗಿದೆಯೇ ಎಂದು ಅಳತೆ ಮಾಡಿದರು. ಆಗ ದೀಪ ಹೊತ್ತಿಸುವ ಹೊತ್ತು.

ಎಲ್ಲವೂ ಸೇರಿ ಹನ್ನೆರಡೂವರೆ ಸಾವಿರವಾಯಿತು. ಅಕ್ಕಿಯ ಗಾಡಿಯ ಬಾಡಿಗೆ ಬೇರೆ. ಎಂಟು ಸಾವಿರದಲ್ಲಿ ಮುಗಿಯಬಹುದಾಗಿದ್ದ ಕೆಲಸವನ್ನು ಮಿತವ್ಯಯದ ಹೆಸರಿನಿಂದ ನಾವು ಇಷ್ಟಕ್ಕೆ ತಂದಿದ್ದೆವು. ಹಣವನ್ನು ನಾವೇ ಕೊಟ್ಟೆವು. ಹುಡುಗನು ಸಾಲವೆಂದು ಬರೆದುಕೊಳ್ಳಲು ಹೊರಟಾಗ, ಇದು ಸಾಲವಲ್ಲ, ದಂಡ ಎಂದೆವು. ಅವನು ನಕ್ಕ. ಆ ದಿನದಲ್ಲಿ ಅವನು ನಕ್ಕುದು ಅದೇ ಮೊದಲು.

ಸಾಹೇಬರು ಚಹ ಕುಡಿಸಿ ಬೀಳ್ಕೊಡುವಾಗ, “ಐವತ್ತು, ನೂರು ಕಿಲೋಮೀಟರು ಓಡಿದ ಮೇಲೆ ಬನ್ನಿ, ಯೂ ಬೋಲ್ಟು ಮತ್ತೆ ಬಿಗೀಬೇಕು. ಹೊಸ ಬ್ಲೇಡು ಕೂತುಕೊಂಡಾಗ ಸಡಿಲ ಆಗುತ್ತೆ. ಅದಕ್ಕೆ ಕಾಸಿಲ್ಲ” ಎಂದರು.

ಕೋಟೆಯ ದಾರಿಯಲ್ಲಿ ಕತ್ತಲೆ. ಗಾಡಿ ನೇರವಾಗಿ, ನಿಶ್ಶಬ್ದವಾಗಿ ಓಡಿತು. ಬೆಳಗಿನ ‘ಟಕ್’ ಎಂಬ ಸದ್ದು ಇಲ್ಲದುದೇ ಕಿವಿಗೆ ಹಿತವಾಗಿದ್ದಿತು. ಹ್ಯಾಂಡ್‌ಪೋಸ್ಟಿನ ಕೂಡುದಾರಿಯನ್ನು ದಾಟಿ ಅಂತರಸಂತೆಯ ಕಡೆಗೆ ಹೊರಳಿದಾಗ ಗಾಳಿ ತಂಪಾಯಿತು. ಆ ಸೀಮೆಯಲ್ಲಿ ಕಪಿಲೆಗೆ ಕಟ್ಟಿದ ಅಣೆಕಟ್ಟು ೧೯೭೪ರಲ್ಲಿ ಪೂರ್ಣವಾಯಿತು. ಅದರ ನೀರಿನಡಿಯಲ್ಲಿ ಹಲವು ಹಳ್ಳಿಗಳು ಮುಳುಗಿ, ಜನ ಬೇರೆಡೆ ನೆಲೆ ಕಂಡರು. ಆಚೆಗೆ ನಾಗರಹೊಳೆಯ ಕಾಡು. ಆನೆಗಳು ಹೊಲಕ್ಕಿಳಿಯುವ ಸೀಮೆಯಾದುದರಿಂದ ರಾತ್ರಿ ಆ ದಾರಿಯಲ್ಲಿ ಗಾಡಿ ಕೆಟ್ಟು ನಿಲ್ಲುವುದು ಯಾರಿಗೂ ಬೇಡ. ಬೆಳಗ್ಗೆ ಸರಪಳಿ ಕಟ್ಟಿಕೊಂಡು ಹೊರಟಿದ್ದರೆ ನಾವು ಎಲ್ಲಿ ನಿಂತಿರುತ್ತಿದ್ದೆವೋ ಎಂದು ಇಬ್ಬರೂ ಯೋಚಿಸಿದೆವು. ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಮದುವೆಯ ಮನೆ ತಲುಪಿದಾಗ ಹತ್ತು ಗಂಟೆ. ಚಪ್ಪರದ ಕೆಳಗೆ ಹೆಂಗಸರು ಅಕ್ಕಿ ಆರಿಸುತ್ತಿದ್ದರು, ನಮ್ಮ ಮನೆಯವರು ನಡುವೆ. ತಲೆಯೆತ್ತಿ ನೋಡಿ, “ಎರಡೂ ಕಡೆ ಮಾಡಿಸಿದಿರಾ?” ಎಂದು ಕೇಳಿದರು. ಮಾಡಿಸಿದೆವೆಂದಾಗ, “ಹಾಗಾದರೆ ಕೈಕಾಲು ತೊಳೆದು ಊಟಕ್ಕೆ ಬನ್ನಿ” ಎಂದರು. ಮರುದಿನ ಧಾರೆ ಸಾಂಗವಾಗಿ ನಡೆಯಿತು. ಎಡತೊರೆಯ ಅಕ್ಕಿಯ ಅನ್ನವನ್ನು ಬೀಗರು ಹೊಗಳಿದರು.

ಹಿಂದಿರುಗುವಾಗ ಹುಣಸೂರಿನಲ್ಲಿ ನಟ್ಟುಗಳನ್ನು ಮತ್ತೆ ಬಿಗಿಸಿಕೊಂಡೆವು. ನಾಲ್ಕರಲ್ಲಿ ಮೂರು ನಿಜವಾಗಿಯೂ ಅರ್ಧ ಸುತ್ತು ಸಡಿಲವಾಗಿದ್ದವು. ಅಲ್ಲಿಂದ ಸೋದರಳಿಯನ ಊರಿಗೆ ಹೋಗಿ ಎರಡು ದಿನವಿದ್ದೆವು. ಬೆಟ್ಟದಪುರದ ಬೆಟ್ಟದ ಮೇಲೆ ಸಿಡಿಲು ಮಲ್ಲಿಕಾರ್ಜುನಸ್ವಾಮಿಯ ಗುಡಿಯಿದೆ. ಮೆಟ್ಟಿಲು ಹತ್ತಿ ನಿಂತರೆ ಪಿರಿಯಾಪಟ್ಟಣದ ಸೀಮೆಯೆಲ್ಲ ಕಾಲಡಿಯಲ್ಲಿ ಹರಡಿಕೊಳ್ಳುತ್ತದೆ: ಕೆಂಪು ಹೊಲಗಳು, ಎತ್ತರವಾದ ಬ್ಯಾರನ್ನುಗಳು, ಕೆರೆಗಳು. ಪಶ್ಚಿಮಕ್ಕೆ ಬೈಲಕುಪ್ಪೆ, ೧೯೬೦ರ ದಶಕದ ಆರಂಭದಲ್ಲಿ ದೇಶ ಬಿಟ್ಟು ಬಂದ ಟಿಬೆಟ್ಟಿನವರು ಕಾಡು ಕಡಿದು ನೆಲೆ ಮಾಡಿಕೊಂಡ ಸ್ಥಳ. ಕೆಳಗೆ ರಸ್ತೆಯಲ್ಲಿ ಇರುವೆಯಷ್ಟಾಗಿ ಒಂದು ಬಿಳಿಯ ಗಾಡಿ ಹೋಗುತ್ತಿದ್ದಿತು. ನಮ್ಮ ಹುಡುಗ ಮಕ್ಕಳನ್ನು ಕೂರಿಸಿಕೊಂಡು ಶಾಮಿಯಾನದ ಸಾಮಾನು ತರಲು ಹೋಗಿದ್ದನು.

ಹಳೆಯ ಗಾಡಿಯುಳ್ಳ ಗೃಹಸ್ಥರಿಗೆ ಸಾಹೇಬರು ಹೇಳಿದ ಲಕ್ಷಣಗಳನ್ನು ಇಲ್ಲಿ ಬರೆದು ಮುಗಿಸುತ್ತೇವೆ. ಸಮನಾದ ನೆಲದಲ್ಲಿ ನಿಂತಾಗ ಗಾಡಿ ಒಂದು ಕಡೆಗೆ ವಾಲುವುದು. ಉಬ್ಬು ದಾಟುವಾಗ ಕೆಳಗೆ ‘ಟಕ್’ ಎನ್ನುವುದು. ಬ್ರೇಕು ಹಾಕಿದಾಗ ಒಂದು ಪಕ್ಕಕ್ಕೆ ಎಳೆಯುವುದು. ಮುಂದಿನ ಟೈರು ಒಂದೇ ಅಂಚಿನಲ್ಲಿ ಸವೆಯುವುದು. ಬ್ಲೇಡಿನ ಮೇಲೆ ಅಡ್ಡಲಾಗಿ ತುಕ್ಕಿನ ಸಣ್ಣ ಗೆರೆ ಕಾಣುವುದು. ಇವುಗಳಲ್ಲಿ ಒಂದು ಕಂಡರೂ ಭಾರ ಹೇರದೆ, ಮೊದಲು ಕೆಳಗೆ ದೀಪ ಹಿಡಿದು ನೋಡಿಸತಕ್ಕದ್ದು. ಮನೆಯ ಹುಡುಗನು ಬಂದು, “ಒಂದು ಬ್ಲೇಡು ಮುರಿದಿದೆ” ಎಂದರೆ, ಗಾಡಿ ಓಡುತ್ತಿದೆಯೇ ಎಂದು ಕೇಳಬಾರದು. ಮುರಿದುದರ ಭಾರವನ್ನು ಈಗ ಯಾವುದು ಹೊರುತ್ತಿದೆಯೆಂದು ಕೇಳಬೇಕು.